ಓದುಗರ ಪ್ರಶ್ನೆ: ಮಗನಿಗೆ ಆಟಿಸಂ ಇದೆಯೆಂದು ನೆಂಟರಿಗೆ ಹೇಳಬೇಕೇ?

ಪ್ರಶ್ನೆ: ನಾವು ಉಡುಪಿ ಕಡೆಯವರು, ಬಹಳ ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. 27 ವರ್ಷದ ಮಗ ಐರೋಲಿಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಕಳೆದ ವರ್ಷ ತಾನಾಗಿಯೇ ಮನೋವೈದ್ಯರನ್ನು ಕಂಡು, ಆಟಿಸಂ ಇದೆಯೆಂಬ ವರದಿ ತಂದ. ಅದರಿಂದ ಅವನಿಗೆ ನೆಮ್ಮದಿಯಾದಂತಿದೆ, ನಮಗೆ ನಿದ್ದೆಯಿಲ್ಲ. ಅತ್ತಿಗೆಯ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಅವರು "ಊಟ ಹೇಗಾಯ್ತು ಮಗಾ?" ಎಂದರೆ, "ಸಾರಿಗೆ ಉಪ್ಪು ಹೆಚ್ಚು, ಪಾಯಸ ಚೆನ್ನಾಗಿತ್ತು" ಎಂದುಬಿಟ್ಟ. ಅಂದಿನಿಂದ ಅವರಿಗೆ ಮುನಿಸು. ನಿಜ ಹೇಳೋಣವೆಂದರೆ ನಮ್ಮವರು, "ಮಗಳ ಮದುವೆ ಬಾಕಿಯಿದೆ, ಹಣೆಪಟ್ಟಿ ಯಾಕೆ?" ಎನ್ನುತ್ತಾರೆ. "ಆಸ್ಪರ್ಜರ್ ಎನ್ನಿ, ಅದು ಬುದ್ಧಿವಂತರಿಗೆ ಬರುವಂಥದ್ದು" ಎಂಬುದು ನಾದಿನಿಯ ಸಲಹೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಯಜಮಾನರ ಅಭಿಪ್ರಾಯವಿದೆ, ನಾದಿನಿಯ ಅಭಿಪ್ರಾಯವಿದೆ, ಮಗನದು ಮಾತ್ರ ಕಾಣಲಿಲ್ಲ. ವರದಿ ಅವನದು. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಮೊದಲು ಅವನನ್ನೇ ಕೇಳಿ.

ಬಾಲ್ಯದಿಂದಲೂ "ಒರಟ", "ಯಾರೊಂದಿಗೂ ಬೆರೆಯದವ" ಎಂಬ ಮಾತುಗಳನ್ನು ಕೇಳುತ್ತ ಬೆಳೆದವರಿಗೆ, ಅದು ತಮ್ಮ ಗುಣದೋಷವಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಬೇರೆ ಎಂದು ತಿಳಿದಾಗ ಹೆಗಲಿನ ಭಾರ ಇಳಿದಂತಾಗುವುದು ಸಹಜ. ಎಲ್ಲರಿಗೂ ಹಾಗಾಗುವುದಿಲ್ಲ, ವರದಿಯನ್ನು ಕಪಾಟಿನಲ್ಲಿಟ್ಟು ಆ ಮಾತನ್ನೇ ಎತ್ತದವರೂ ಇದ್ದಾರೆ, ಅದೂ ತಪ್ಪಲ್ಲ. "ಆಟಿಸಂ ಇರುವ ವ್ಯಕ್ತಿ" ಎನ್ನುವುದು ಅನೇಕ ಹೆತ್ತವರಿಗೆ ಹಿತವೆನಿಸಿದರೆ, ಅದು ತಮ್ಮಿಂದ ಬೇರ್ಪಡಿಸಲಾಗದ್ದು ಎಂಬ ಕಾರಣಕ್ಕೆ "ಆಟಿಸ್ಟಿಕ್" ಎಂದೇ ಕರೆಸಿಕೊಳ್ಳಲು ಬಯಸುವ ವಯಸ್ಕರು ಬಹಳ.

ನಾದಿನಿಯ ಸಲಹೆಯನ್ನು ಬಿಟ್ಟುಬಿಡಿ. ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರಲ್ಲೇ ಆಸ್ಪರ್ಜರ್ ಎಂಬ ಪ್ರತ್ಯೇಕ ವಿಭಾಗವನ್ನು ತೆಗೆದು ಆಟಿಸಂ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಆಟಿಸಂನ ಎಲ್ಲ ರೂಪಗಳನ್ನೂ ಒಳಗೊಂಡ ಒಂದೇ ವಿಭಾಗದಲ್ಲಿ, ಸೇರಿಸಿತು. ಆ ಹೆಸರಿಗೆ ಕಾರಣರಾದ ವೈದ್ಯರು ನಾಜಿ ಆಡಳಿತದ ಕಾಲದಲ್ಲಿ, ಮಕ್ಕಳನ್ನು ಕೊಲ್ಲುತ್ತಿದ್ದ ವಿಯೆನ್ನಾದ ಸಂಸ್ಥೆಯೊಂದಕ್ಕೆ ಕೆಲವು ಮಕ್ಕಳನ್ನು ಕಳುಹಿಸಿದ್ದರೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದ ಮೇಲೆ, ಹಿಂದೆ ಅದನ್ನು ಬಳಸುತ್ತಿದ್ದ ಹಲವರೂ ದೂರವಿಟ್ಟಿದ್ದಾರೆ. ಅದಕ್ಕಿಂತ ಮುಖ್ಯವಾಗಿ, "ನಮ್ಮದು ಮೇಲ್ದರ್ಜೆಯ ಆಟಿಸಂ" ಎಂಬ ಧ್ವನಿ ಹೊರಟರೆ, ಹೆಚ್ಚಿನ ನೆರವು ಬೇಕಾದ ಮಕ್ಕಳ ತಾಯಂದಿರನ್ನು ನಾವೇ ಕೆಳಗಿಳಿಸಿದಂತಾಗುತ್ತದೆ.

ಇನ್ನು ಸಾರಿನ ವಿಷಯ. ಸ್ವತಃ ಆಟಿಸ್ಟಿಕ್ ಆಗಿರುವ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದವನ್ನು ಮುಂದಿಟ್ಟರು: ಆಟಿಸ್ಟಿಕ್ ವ್ಯಕ್ತಿಗೆ ಉಳಿದವರ ಮನಸ್ಸು ಅರ್ಥವಾಗದಿರುವಷ್ಟೇ, ಉಳಿದವರಿಗೂ ಅವರ ಮನಸ್ಸು ಅರ್ಥವಾಗುವುದಿಲ್ಲ, ಸಂವಹನ ಕೆಟ್ಟರೆ ಹೊಣೆ ಇಬ್ಬರದೂ. ಅತ್ತಿಗೆಗೆ ಬೇಕಾಗಿದ್ದುದು "ಹೊಟ್ಟೆ ತುಂಬಿತು" ಎಂಬ ಉಪಚಾರದ ಮಾತು. ಅವರು ಕೇಳಿದ್ದು ಅಭಿಪ್ರಾಯವನ್ನು, ಅವನು ಕೊಟ್ಟದ್ದೂ ಅದನ್ನೇ. ಮೇಲಧಿಕಾರಿ "ಸಮಯ ಸಿಕ್ಕಾಗ ಇದನ್ನೊಮ್ಮೆ ನೋಡಿ" ಎಂದು ಕಡತ ಕೊಟ್ಟು, ಸಂಜೆಯೊಳಗೆ ಮುಗಿಯಲೆಂದು ಮನಸ್ಸಿನಲ್ಲೇ ನಿರೀಕ್ಷಿಸಿದರೂ ಇದೇ ಆಗುತ್ತದೆ. ನೆಂಟರ ಮನೆಗೆ ಹೊರಡುವ ಮೊದಲು ಇಂಥ ಪ್ರಶ್ನೆಗಳ ರೂಢಿಯನ್ನು ಮಗನಿಗೆ ಬಿಡಿಸಿ ಹೇಳಬಹುದು. ಆದರೆ ದಿನವಿಡೀ ನಟಿಸುವಂತೆ ತಿದ್ದಬೇಡಿ. ಹಾಗೆ ಮುಖವಾಡ ಹೊತ್ತಿರುವುದು ಆಟಿಸ್ಟಿಕ್ ವಯಸ್ಕರನ್ನು ತೀರ ದಣಿಸುತ್ತದೆ. ಅತ್ತಿಗೆಗೆ, ರೋಗನಿರ್ಣಯದ ಮಾತೇ ಎತ್ತದೆ, "ಅವನಿಗೆ ಬಾಯುಪಚಾರ ಬಾರದು, ಪಾಯಸ ಚೆನ್ನಾಗಿತ್ತು ಎಂದನೆಂದರೆ ನಿಜವಾಗಿಯೂ ಚೆನ್ನಾಗಿತ್ತು" ಎಂದರೆ ಮುನಿಸು ಇಳಿದೀತು.

ಕಚೇರಿಗೆ ತಿಳಿಸುವುದು ಅವನಿಗೆ ಬಿಟ್ಟದ್ದು. ಕೆಲಸವನ್ನು ಬಾಯಿಮಾತಿನ ಬದಲು ಗಡುವಿನ ಸಮೇತ ಬರೆದು ಕೊಡಿ ಎಂದು ಕೇಳಲು ವರದಿಯನ್ನು ತೋರಿಸಬೇಕಾಗಿಲ್ಲ. ಕಾನೂನಿನ ಸೌಲಭ್ಯ ಬೇಕೆನಿಸಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಹೆಸರಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸ್ಪೆಕ್ಟ್ರಮ್ ಸೇರಿದೆ. ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ಅಂಗವೈಕಲ್ಯವಿದೆಯೆಂಬ ಪ್ರಮಾಣಪತ್ರ ಬೇಕು.

ಮದುವೆಯ ವಿಷಯದಲ್ಲಿ, ಅಣ್ಣನ ವರದಿಯನ್ನು ಜಾತಕದ ಜೊತೆ ಕಳುಹಿಸುವ ಅಗತ್ಯವಿಲ್ಲ. ಗಂಡಿನ ಕಡೆಯವರು ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಏನು ಹೇಳಬೇಕೆಂಬುದನ್ನು ಮಗ ಮತ್ತು ಮಗಳು ಇಬ್ಬರೂ ಕುಳಿತು ಮೊದಲೇ ನಿರ್ಧರಿಸಲಿ.