ಕಿತ್ತಳೆ ರಸದಲ್ಲಿ ಮುಳುಗಿದ ಡ್ಯೂಕ್ ಸಹೋದರರು

ಪ್ರಶ್ನೆ: 1983ರ ಹಾಲಿವುಡ್ ಹಾಸ್ಯಚಿತ್ರ ‘ಟ್ರೇಡಿಂಗ್ ಪ್ಲೇಸಸ್’ನ ಕೊನೆಯಲ್ಲಿ ಡ್ಯೂಕ್ ಸಹೋದರರ ಮನೆತನದ ಸಂಸ್ಥೆ ಒಂದೇ ದಿನದಲ್ಲಿ ದಿವಾಳಿಯಾಗುತ್ತದೆ. ಕೈಯಲ್ಲಿ ಸರಕೇ ಇಲ್ಲದ ನಾಯಕರು ಮೊದಲು ಮಾರಿ, ಆಮೇಲೆ ಕೊಂಡದ್ದು ಹೇಗೆ?

ಉತ್ತರ: ಫ್ಯೂಚರ್ಸ್ ಪೇಟೆಯಲ್ಲಿ ಮಾರುವುದು ಸರಕನ್ನಲ್ಲ, ಮುಂದಿನ ಒಂದು ತಿಂಗಳಲ್ಲಿ (ಇಲ್ಲಿ ಏಪ್ರಿಲ್‌ನಲ್ಲಿ) ಇಂತಿಷ್ಟು ದರಕ್ಕೆ ಕೊಡುತ್ತೇನೆಂಬ ಕರಾರನ್ನು. ಗಡುವಿಗೆ ಮುಂಚೆ ಅಷ್ಟೇ ಕರಾರು ಮರಳಿ ಕೊಂಡರೆ ಲೆಕ್ಕ ಚುಕ್ತಾ. ಕಿತ್ತಳೆ ಬೆಳೆಯ ಬಗ್ಗೆ ಸರ್ಕಾರದ ಗುಪ್ತ ವರದಿಯನ್ನು ಡ್ಯೂಕ್‌ಗಳು ಕದ್ದು ತರಿಸುತ್ತಿದ್ದಾಗ, ನಾಯಕರು ಅದನ್ನು ಎಗರಿಸಿ ನಕಲಿ ವರದಿ ತಲುಪಿಸಿರುತ್ತಾರೆ. ಚಳಿಗೆ ಬೆಳೆ ಹಾಳಾಗಿದೆ ಎಂಬ ಆ ನಕಲಿ ವರದಿ ನಂಬಿ ಡ್ಯೂಕ್‌ಗಳು ಕಿತ್ತಳೆ ರಸದ ಕರಾರು ಕೊಳ್ಳುತ್ತಲೇ ಹೋಗುತ್ತಾರೆ. ದರ ಪೌಂಡಿಗೆ 142 ಸೆಂಟ್ ಮುಟ್ಟಿದಾಗ ನಾಯಕರು ಮಾರುತ್ತಾರೆ. ಬೆಳೆಗೆ ಏಟು ಬಿದ್ದಿಲ್ಲ ಎಂದು ಸರ್ಕಾರ ಪ್ರಕಟಿಸಿದ್ದೇ ತಡ, ದರ ಕುಸಿದು 29ಕ್ಕೆ ಬರುತ್ತದೆ. ಒಂದು ಕರಾರು 15,000 ಪೌಂಡ್. 29ರಲ್ಲಿ ಮರಳಿ ಕೊಂಡ ಪ್ರತಿ ಕರಾರಿಗೂ 16,950 ಡಾಲರ್ ಲಾಭ. ಡ್ಯೂಕ್‌ಗಳ ತಲೆಗೆ ಬಂದದ್ದು 39.4 ಕೋಟಿ ಡಾಲರ್ ಮಾರ್ಜಿನ್ ಬಾಕಿ (ನಷ್ಟ ತುಂಬಲು ಪೇಟೆಗೆ ಕಟ್ಟಬೇಕಾದ ಹಣ), ಅದೂ ತಕ್ಷಣ ಕಟ್ಟಬೇಕು. (ನಿಜವಾದ ಪೇಟೆಯಲ್ಲಿ ದಿನದ ಏರಿಳಿತಕ್ಕೆ ಮಿತಿ ಇರುತ್ತದೆ. ಇಂಥ ಕುಸಿತ ಸಿನಿಮಾದವರ ಸಲಿಗೆ!)

ಪ್ರಶ್ನೆ: ಕದ್ದ ವರದಿ ಇಟ್ಟುಕೊಂಡು ವಹಿವಾಟು ನಡೆಸಿದ್ದು ಅಪರಾಧವಲ್ಲವೇ?

ಉತ್ತರ: ಕಳ್ಳತನ ಅಪರಾಧವೇ. ಆದರೆ ಸರ್ಕಾರದ ಗುಪ್ತ ಮಾಹಿತಿ ಬಳಸಿ ಫ್ಯೂಚರ್ಸ್ ವ್ಯಾಪಾರ ಮಾಡುವುದಕ್ಕೆ ಅಮೆರಿಕದಲ್ಲಿ ಸ್ಪಷ್ಟ ನಿಷೇಧ ಬಂದದ್ದು 2010ರ ಡಾಡ್-ಫ್ರಾಂಕ್ ಕಾಯ್ದೆಯ 746ನೇ ಕಲಮಿನಿಂದ. ಚಿತ್ರದ ನಾಯಕನಟನ ಹೆಸರಿನಲ್ಲಿ ಅದನ್ನು ‘ಎಡ್ಡಿ ಮರ್ಫಿ ನಿಯಮ’ ಎಂದೇ ಕರೆಯುತ್ತಾರೆ.