ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕೊರೆಯುವ ಚಳಿಯಲ್ಲಿ ನರಗಳಿಗೆ ಆಗುವುದೇನು?

ಪ್ರಶ್ನೆ: ಮಾನ್ಯ ಡಾಕ್ಟರೇ, ನನಗೆ 46 ವರ್ಷ. ಎರಡು ವರ್ಷಗಳಿಂದ ಕುತ್ತಿಗೆ, ಭುಜ, ಸೊಂಟ ಎಂದು ಮೈತುಂಬ ನೋವು, ಫೈಬ್ರೊಮಯಾಲ್ಜಿಯ ಎಂದಿದ್ದಾರೆ. ನಿದ್ರೆಯೂ ಸರಿಯಾಗಿಲ್ಲ. ಮಗ ಒಂದು ವೆಲ್‌ನೆಸ್ ಕೇಂದ್ರದಲ್ಲಿ ಹತ್ತು ಸಲದ ಕ್ರಯೊಥೆರಪಿಗೆ ಹಣ ಕಟ್ಟಿದ್ದಾನೆ. ಮೈನಸ್ 130 ಡಿಗ್ರಿ ಚಳಿಯಲ್ಲಿ ಮೂರು ನಿಮಿಷ ನಿಂತರೆ ‘ನರಮಂಡಲವೇ ರೀಸೆಟ್ ಆಗುತ್ತದೆ’ ಎಂದು ಅವರ ಕರಪತ್ರದಲ್ಲಿದೆ. ಇದು ನಿಜವೇ? ಅಷ್ಟು ಚಳಿಗೆ ನರಗಳು ಮರಗಟ್ಟಿಹೋಗುವುದಿಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಫ್ರೀಜರಿನ ಗಾಳಿಯಲ್ಲಿ ಕೈಯಾಡಿಸಿದರೆ ಬರಿಯ ತಂಪು ತಾಕುತ್ತದೆ. ಅದೇ ಫ್ರೀಜರಿನ ಐಸ್ ಟ್ರೇಯನ್ನು ಒದ್ದೆ ಕೈಯಿಂದ ಹಿಡಿದರೆ ಬೆರಳು ಅಂಟಿಕೊಂಡು ಉರಿಯತೊಡಗುತ್ತದೆ. ಒಣಗಾಳಿಯು ಮೈಯ ಶಾಖವನ್ನು ಬಹಳ ನಿಧಾನವಾಗಿ ಒಯ್ಯುವುದರಿಂದಲೇ ಮೈನಸ್ 110ರಿಂದ 140 ಡಿಗ್ರಿಯ ಕೋಣೆಯಲ್ಲಿ ಎರಡು ಮೂರು ನಿಮಿಷ ನಿಂತವರು ನಡೆದುಕೊಂಡೇ ಹೊರಗೆ ಬರುತ್ತಾರೆ. ಅಷ್ಟು ಹೊತ್ತಿನಲ್ಲಿ ಕೈಕಾಲುಗಳ ಚರ್ಮ 10 ಡಿಗ್ರಿಯ ಆಸುಪಾಸಿಗೆ, ಕೆಲವರಲ್ಲಿ ಅದಕ್ಕಿಂತಲೂ ಕೆಳಕ್ಕೆ, ಇಳಿಯಬಹುದು. ಆದರೆ ಹೃದಯ, ಮಿದುಳು, ಬೆನ್ನುಹುರಿಗಳಿರುವ ಒಳಮೈಯ ಉಷ್ಣತೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಚಳಿ ಮಿದುಳನ್ನು ಮುಟ್ಟುವುದಿಲ್ಲ, ಚಳಿಯ ಸುದ್ದಿ ಮಾತ್ರ ಮುಟ್ಟುತ್ತದೆ. ಕರಪತ್ರದ ಮಾತನ್ನು ಅಳೆಯುವಾಗ ಈ ವ್ಯತ್ಯಾಸ ನೆನಪಿನಲ್ಲಿರಲಿ.

ಆ ಸುದ್ದಿಯನ್ನು ಹೊರುವುದು ಚರ್ಮದ ಸಣ್ಣ ಸಂವೇದನಾ ನರಗಳು. ಅವುಗಳ ತುದಿಯಲ್ಲಿ ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇರುವುದು 2002ರಲ್ಲಿ ಗೊತ್ತಾಯಿತು. ಅದನ್ನು ಬೇರೆ ಬೇರೆಯಾಗಿಯೇ ಕಂಡುಕೊಂಡ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ, ಉಷ್ಣತೆ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ, 2021ರ ನೊಬೆಲ್ ಸಂದಿತು. ತಲೆನೋವಿಗೆ ಹಣೆಗೆ ಹಚ್ಚುವ ಮುಲಾಮಿನಲ್ಲಿರುವ ಮೆಂಥಾಲ್ ತಟ್ಟುವುದೂ ಇದೇ ಪ್ರೋಟೀನಿನ ಬಾಗಿಲನ್ನು. ಹಣೆ ಒಂದು ಡಿಗ್ರಿಯೂ ತಣ್ಣಗಾಗದಿದ್ದರೂ ಮಿದುಳು ತಂಪೆಂದು ನಂಬುವುದು ಅದರಿಂದಲೇ. ಶೀತಕೋಣೆಯಲ್ಲಿ ಇಂತಹ ಲಕ್ಷಾಂತರ ನರತುದಿಗಳು ಏಕಕಾಲಕ್ಕೆ ಕೂಗಿಕೊಂಡಾಗ, ಮಿದುಳಿನ ಹೈಪೊಥಲಾಮಸ್ ಸಿಂಪಥೆಟಿಕ್ ನರಗಳನ್ನು, ಎಂದರೆ ಗಾಬರಿಯ ಹೊತ್ತಿನಲ್ಲಿ ಮೈಯನ್ನು ಸಜ್ಜುಗೊಳಿಸುವ ಜಾಲವನ್ನು, ಎಚ್ಚರಿಸುತ್ತದೆ. ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತಕ್ಕೆ ಈ ನರಗಳ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಸುರಿಯುತ್ತದೆ. ಫಿನ್ಲೆಂಡಿನಲ್ಲಿ ಕೆಲವು ಮಹಿಳೆಯರನ್ನು ವಾರಕ್ಕೆ ಮೂರು ಸಲದಂತೆ 12 ವಾರ ಮೈನಸ್ 110 ಡಿಗ್ರಿಯ ಕೋಣೆಯಲ್ಲಿ ಎರಡೆರಡು ನಿಮಿಷ ನಿಲ್ಲಿಸಿ ನೋಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಪ್ರತಿ ಸಲವೂ ನಾರ್‌ಅಡ್ರಿನಲಿನ್ ಎರಡರಿಂದ ಮೂರು ಪಟ್ಟು ಏರಿತ್ತು, ಕೊನೆಯ ವಾರದಲ್ಲಿಯೂ ಏರುತ್ತಲೇ ಇತ್ತು. ಆದರೆ ‘ಸುಖದ ರಾಸಾಯನಿಕ’ ಎಂದು ಜಾಹೀರಾತುಗಳು ಕೊಂಡಾಡುವ ಬೀಟಾ-ಎಂಡಾರ್ಫಿನ್‌ನಲ್ಲಿ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ.

ಹೊರಬಂದ ಮೇಲೆ ಆಗುವುದು ಇದರ ಮರುಮುಖ. ಒತ್ತಡ ಏರಿದ್ದನ್ನು ಕುತ್ತಿಗೆಯ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿರುವ ಗ್ರಾಹಕಗಳು ಮಿದುಳಿಗೆ ತಿಳಿಸುತ್ತವೆ, ವೇಗಸ್ ನರ ಹೃದಯಕ್ಕೆ ಲಗಾಮು ಹಾಕುತ್ತದೆ, ಮೈ ಬೆಚ್ಚಗಾಗುತ್ತ ಮನಸ್ಸಿಗೊಂದು ಹಗುರ ಬರುತ್ತದೆ. ‘ರೀಸೆಟ್’ ಎಂದು ಕರೆಯುತ್ತಿರುವುದು ಇದನ್ನೇ ಎಂದು ನನ್ನ ಊಹೆ. ಇದು ನಿಜವಾದ ಅನುಭವವೇ ಹೌದು, ಆದರೆ ಅಲ್ಪಾವಧಿಯ ಪ್ರತಿವರ್ತನೆ. ಅಳಿಸಿ ಹೊಸದಾಗಿ ಬರೆಯುವುದಕ್ಕೆ ನರಮಂಡಲವೇನು ಮೊಬೈಲ್ ಫೋನಲ್ಲ.

ನೋವಿನ ವಿಷಯದಲ್ಲಿ ಚಳಿಯ ಪರಿಣಾಮ ಹೆಚ್ಚು ಸ್ಪಷ್ಟ. ನರವನ್ನು ತಣಿಸಿದಷ್ಟೂ ಅದರಲ್ಲಿ ಸಂದೇಶ ಹರಿಯುವ ವೇಗ ಕುಗ್ಗುತ್ತದೆ. ಪಾದದ ಕೀಲಿಗೆ ಮಂಜುಗಡ್ಡೆಯಿಟ್ಟು ಚರ್ಮವನ್ನು 10 ಡಿಗ್ರಿಗೆ ತಂದಾಗ ನರದ ವೇಗ ಸುಮಾರು ಮೂರನೆಯ ಒಂದು ಭಾಗ ತಗ್ಗಿದ್ದನ್ನು 2007ರ ಅಧ್ಯಯನವೊಂದು ಅಳೆದು ತೋರಿಸಿದೆ. ಉಳುಕಿದ ಕಾಲಿಗೆ ಐಸ್ ಇಟ್ಟಾಗ ಸಿಗುವ ಆರಾಮದ ಗುಟ್ಟು ಬಹುಮಟ್ಟಿಗೆ ಇಷ್ಟೇ. ಮೈ ಬೆಚ್ಚಗಾದೊಡನೆ ವೇಗ ಮರಳುತ್ತದೆ, ಅದರ ಬೆನ್ನಿಗೆ ನೋವೂ ಮರಳಬಹುದು. 1978ರಲ್ಲಿ ಜಪಾನಿನ ತೊಶಿಮಾ ಯಮಾವುಚಿ ಅವರು ಸಂಧಿವಾತದ ರೋಗಿಗಳಿಗಾಗಿ ಈ ವಿಧಾನವನ್ನು ಆರಂಭಿಸಿದಾಗಲೂ, ಆಮೇಲೆ ಪೋಲೆಂಡಿನ ವೈದ್ಯರು ಇದನ್ನು ಬೆಳೆಸಿದಾಗಲೂ, ಚಳಿಯ ಬೆನ್ನಿಗೇ ವ್ಯಾಯಾಮವಿರುತ್ತಿತ್ತು; ನೋವು ಮಂಕಾದ ಆ ಸ್ವಲ್ಪ ಹೊತ್ತಿನಲ್ಲಿ ಬಿಗಿದ ಕೀಲುಗಳನ್ನು ಆಡಿಸಿಬಿಡುವುದು ಉದ್ದೇಶ. ಇಂದಿನ ಪ್ಯಾಕೇಜುಗಳಲ್ಲಿ ಚಳಿ ಉಳಿದಿದೆ, ವ್ಯಾಯಾಮ ಹೆಚ್ಚಾಗಿ ಕಳಚಿಹೋಗಿದೆ. ನನಗೆ ತಕರಾರಿರುವುದು ಇಲ್ಲಿಯೇ.

ಫೈಬ್ರೊಮಯಾಲ್ಜಿಯದಲ್ಲಿ ನೋವು ಕಡಿಮೆಯಾಯಿತೆಂದು ಹೇಳುವ ಸಣ್ಣ ಅಧ್ಯಯನಗಳಿವೆ. ಆದರೆ ತಾನು ಕೊರೆಯುವ ಚಳಿಯಲ್ಲಿ ನಿಂತಿದ್ದೇನೆಂದು ರೋಗಿಗೆ ಗೊತ್ತಾಗದಂತೆ ಪರೀಕ್ಷೆ ನಡೆಸುವುದು ಸಾಧ್ಯವಿಲ್ಲವಾದ್ದರಿಂದ, ನಂಬಿಕೆಯ ಪಾಲೆಷ್ಟು, ಚಳಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ವ್ಯಾಯಾಮದ ನಂತರದ ಸ್ನಾಯುನೋವಿನ ಬಗ್ಗೆ 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ ಪರಾಮರ್ಶೆ ನಡೆಸಿದಾಗ ಸಿಕ್ಕದ್ದು ನಾಲ್ಕೇ ಅಧ್ಯಯನಗಳು; ಒಟ್ಟು 64 ಜನ, ಅವರಲ್ಲಿ 60 ಮಂದಿ ಗಂಡಸರು, ಬಹುಪಾಲು ತರುಣರು. ಅವರ ಫಲಿತಾಂಶವನ್ನು ನಿಮ್ಮ ಮೈಗೆ ಹೊಂದಿಸಲು ನಾನು ಒಪ್ಪಲಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ ಯಾವುದೇ ಉಪಕರಣವನ್ನು ಚಿಕಿತ್ಸೆಗೆಂದು ತಾನು ಅಂಗೀಕರಿಸಿಲ್ಲವೆಂದು 2016ರಲ್ಲಿ ಎಚ್ಚರಿಸಿತ್ತು.

ಹಣ ಕಟ್ಟಿಯಾಗಿದೆ ಎನ್ನುತ್ತೀರಿ. ರಕ್ತದೊತ್ತಡ ಹತೋಟಿಯಲ್ಲಿದ್ದು, ಹೃದಯದ ತೊಂದರೆಯಾಗಲಿ, ಚಳಿಗೆ ಬೆರಳು ಬಿಳುಪೇರುವ ರೇನೋ ತೊಂದರೆಯಾಗಲಿ ಇಲ್ಲವೆಂದು ನಿಮ್ಮ ವೈದ್ಯರು ಖಚಿತಪಡಿಸಿದರೆ ಹೋಗಿ ನೋಡಬಹುದು. ಮೈಯಲ್ಲಿ ಬೆವರಿನ ಹನಿಯೂ ಇರಬಾರದು. ಕಾಲುಚೀಲ, ಕೈಗವಸು ಪೂರ್ತಿ ಒಣಗಿರಬೇಕು. ಅಲ್ಲಿರುವುದು ವಿದ್ಯುತ್ತಿನಿಂದ ತಣಿಸುವ ಕೋಣೆಯೋ, ತಲೆಯನ್ನು ಹೊರಗಿಟ್ಟು ನಿಲ್ಲುವ ನೈಟ್ರೊಜನ್ ಪೆಟ್ಟಿಗೆಯೋ ಎಂದು ತಪ್ಪದೆ ಕೇಳಿ. ಎರಡನೆಯದರಲ್ಲಿ ತಲೆ ತಗ್ಗಿಸಿದರೆ ಆಮ್ಲಜನಕವಿಲ್ಲದ ಗಾಳಿ ಮೂಗಿಗೆ ಬರುತ್ತದೆ, ಮತ್ತು ನಮ್ಮ ಮಿದುಳಿಗೆ ಉಸಿರುಗಟ್ಟುತ್ತಿದೆ ಎಂದು ತಿಳಿಯುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ, ಆಮ್ಲಜನಕ ಇಳಿದಾಗ ಅಲ್ಲ. ಹೀಗಾಗಿ ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ಅಮೆರಿಕದ ನೆವಾಡದಲ್ಲಿ 2015ರಲ್ಲಿ ಇಂತಹ ಕೇಂದ್ರದ ಉದ್ಯೋಗಿಯೊಬ್ಬರು ಕೆಲಸ ಮುಗಿದ ಮೇಲೆ ಒಬ್ಬರೇ ಪೆಟ್ಟಿಗೆಯೊಳಗೆ ಹೋಗಿ ಪ್ರಾಣ ಕಳೆದುಕೊಂಡರು. ಸಹಾಯಕರು ಎದುರಿಗೆ ನಿಂತಿರದಿದ್ದರೆ ಒಳಗೆ ಕಾಲಿಡಬೇಡಿ.

ಪ್ರಶ್ನೆ: ನನ್ನ ತಂದೆಗೆ 18 ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂಗಾಲು ಉರಿಯುತ್ತದೆ, ಕೆಲವು ಕಡೆ ಮುಟ್ಟಿದರೂ ತಿಳಿಯುವುದಿಲ್ಲ. ಜರ್ಮನಿಯಲ್ಲಿರುವ ಅಣ್ಣ ಅಲ್ಲಿಗೆ ಕರೆಸಿಕೊಂಡು ಶೀತಕೋಣೆಯ ಚಿಕಿತ್ಸೆ ಕೊಡಿಸುತ್ತೇನೆ ಎನ್ನುತ್ತಾನೆ. ಕಳುಹಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಮಗನ ಮನೆಗೆ ಧಾರಾಳವಾಗಿ ಹೋಗಿಬರಲಿ, ಶೀತಕೋಣೆಗೆ ಮಾತ್ರ ಬೇಡ. ಚಳಿ ಮಿತಿಮೀರಿತೆಂದು ಹೇಳಬೇಕಾದ ನರಗಳೇ ನಿಮ್ಮ ತಂದೆಯ ಪಾದದಲ್ಲಿ ಮೂಕವಾಗಿವೆ. ಚರ್ಮ ಹೆಪ್ಪುಗಟ್ಟಿ ಗಾಯವಾದರೂ ಅವರಿಗೆ ಗೊತ್ತಾಗದೆ ಹೋಗಬಹುದು, ಮತ್ತು ಮಧುಮೇಹಿಯ ಪಾದದ ಗಾಯ ಮಾಗುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿದ್ದೇ ಇರುತ್ತದೆ. ದೀರ್ಘಕಾಲದ ಮಧುಮೇಹದಲ್ಲಿ ಹೃದಯವನ್ನೂ ರಕ್ತನಾಳಗಳನ್ನೂ ಹತೋಟಿಯಲ್ಲಿಡುವ ಒಳನರಗಳೂ ಸವೆದಿರಬಹುದಾದ್ದರಿಂದ, ಮೇಲಿನ ಉತ್ತರದಲ್ಲಿ ಹೇಳಿದ ಒತ್ತಡದ ಏರಿಳಿತವನ್ನು ಅವರ ಮೈ ಸರಿದೂಗಿಸುತ್ತದೆಂಬ ಭರವಸೆ ಇಲ್ಲ. ರಾತ್ರಿ ಉರಿ ತಾಳದೆ ಪಾದವನ್ನು ಐಸ್ ನೀರಿನ ಬಕೆಟ್ಟಿನಲ್ಲಿಟ್ಟು ಕೂರುವವರನ್ನು ನಾನು ಕಂಡಿದ್ದೇನೆ. ಅದನ್ನೂ ಬಿಡಿಸಿ. ನರದ ಉರಿಗೆಂದೇ ಇರುವ ಮಾತ್ರೆಗಳಿವೆ, ವೈದ್ಯರನ್ನು ಕೇಳಿ.

ಪ್ರಶ್ನೆ: ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಬೇಸಿಗೆಯಲ್ಲಿ ಕಣ್ಣು ಮಂಜಾಗಿ ಕಾಲು ಸೋಲುತ್ತದೆ, ತಂಪಿನಲ್ಲಿ ಸುಧಾರಿಸುತ್ತದೆ. ಚಳಿ ನರದ ವೇಗವನ್ನು ತಗ್ಗಿಸುವುದಾದರೆ ಇದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಒಳ್ಳೆಯ ಪ್ರಶ್ನೆ. ಆರೋಗ್ಯವಂತ ನರಕ್ಕೆ ಮಯಲಿನ್ ಎಂಬ ಹೊದಿಕೆಯಿರುತ್ತದೆ. ಈ ಕಾಯಿಲೆಯಲ್ಲಿ ಅದು ಅಲ್ಲಲ್ಲಿ ಕಿತ್ತುಹೋಗಿ, ಸಂದೇಶ ಸೋರಿಕೊಂಡು ಮುಂದಕ್ಕೆ ದಾಟಲಾಗದ ಅಂಚಿಗೆ ಬಂದಿರುತ್ತದೆ. ಮೈ ತಂಪಾದಾಗ ನರದ ಸೋಡಿಯಂ ದ್ವಾರಗಳು ನಿಧಾನವಾಗಿ ಮುಚ್ಚುವುದರಿಂದ ಸಂದೇಶದ ಪ್ರತಿ ಮಿಡಿತಕ್ಕೂ ತುಸು ಹೆಚ್ಚು ಕಾಲ ಸಿಗುತ್ತದೆ, ಆ ಹೆಚ್ಚುವರಿಯಲ್ಲಿ ಅದು ಹರಿದ ಜಾಗವನ್ನು ದಾಟಿಬಿಡುತ್ತದೆ. ವೇಗ ತಗ್ಗಿದರೂ ಸಂದೇಶ ತಲುಪುತ್ತದೆ. ವ್ಯಾಯಾಮದಿಂದ ಮೈ ಬಿಸಿಯಾದಾಗ ದೃಷ್ಟಿ ಮಂಕಾಗುವುದನ್ನು ಜರ್ಮನಿಯ ವಿಲ್ಹೆಲ್ಮ್ ಊಟ್ಹಾಫ್ 1890ರಲ್ಲಿಯೇ ದಾಖಲಿಸಿದ್ದರು. ಇದಕ್ಕೆ ಶೀತಕೋಣೆ ಅನಿವಾರ್ಯವಲ್ಲ. ಬಿಸಿಲಿನ ಹೊತ್ತು ತಪ್ಪಿಸುವುದು, ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಕೊಳ್ಳುವುದು, ತಣ್ಣನೆಯ ಪಾನೀಯ ಕುಡಿಯುವುದು ದಿನನಿತ್ಯಕ್ಕೆ ಸಾಕು.

ಪ್ರಶ್ನೆ: ನನಗೆ 67. ಪ್ರತಿ ವರ್ಷ ಧನುರ್ಮಾಸದಲ್ಲಿ ಬೆಳಗಿನ ಜಾವ ತಣ್ಣೀರು ಸ್ನಾನ ಮಾಡುವ ರೂಢಿ. ಇದೂ ಅದೇ ಚಿಕಿತ್ಸೆಯೇ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ.
– ಓದುಗರೊಬ್ಬರು, ಧಾರವಾಡ

ಉತ್ತರ: ನರಗಳ ಮಟ್ಟಿಗೆ ಇವೆರಡೂ ಒಂದೇ ಬಳಗ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುವುದರಿಂದ ನಿಮ್ಮ ಬಚ್ಚಲಿನ 15–20 ಡಿಗ್ರಿಯ ನೀರನ್ನೂ ಸಣ್ಣದೆನ್ನುವಂತಿಲ್ಲ. ತಣ್ಣೀರು ಒಮ್ಮೆಗೇ ಎದೆ, ಬೆನ್ನಿಗೆ ಬಿದ್ದಾಗ ‘ಹಾ’ ಎಂದು ಉಸಿರೆಳೆದುಕೊಂಡು, ಉಸಿರೂ ನಾಡಿಯೂ ಓಡತೊಡಗುವುದನ್ನು ಗಮನಿಸಿರುತ್ತೀರಿ. ಅದು ಮೊದಲ ಅರ್ಧ ನಿಮಿಷದಲ್ಲಿ ತಾರಕಕ್ಕೇರಿ, ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ. ಐದಾರು ಸಲ ರೂಢಿಯಾದ ಮೇಲೆ ಅದರ ಅಬ್ಬರ ಕಡಿಮೆಯಾಗುತ್ತದೆ, ಆದ್ದರಿಂದ ತೊಂದರೆ ಹೆಚ್ಚಿರುವುದು ಮಾಸದ ಮೊದಲ ದಿನಗಳಲ್ಲಿ. ವೈದ್ಯರು ಒಪ್ಪಿದರೆ ಮುಂದುವರಿಸಿ, ಆದರೆ ಆರಂಭದ ವಾರ ಬೆಚ್ಚಗಿನ ನೀರು ಬೆರೆಸಿಕೊಳ್ಳಿ. ಮೊದಲ ಚೊಂಬು ಪಾದಕ್ಕೆ, ಆಮೇಲೆ ಮೊಣಕಾಲು ಮತ್ತು ತೋಳಿಗೆ, ಉಸಿರು ಹದಕ್ಕೆ ಬಂದ ಮೇಲೆ ಬೆನ್ನಿಗೆ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಡಿ.