ಆಮೆ ಅಳುತ್ತಿಲ್ಲ

ನಮಸ್ಕಾರ,

ನಿಮ್ಮ ಕಥೆ ‘ದ್ವೀಪದ ಕಾವಲುಗಾರ’ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಪಕ್ಕಕ್ಕಿಡಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಪ್ಯಾರಾದಲ್ಲೇ ತಾಯಿ ಆಮೆ ಮೊಟ್ಟೆ ಇಡುತ್ತಾ, ಮರಿಗಳನ್ನು ನೆನೆದು ಕಣ್ಣೀರಿಡುತ್ತದೆ. ಅದು ಅಳು ಅಲ್ಲ. ಮೈ ಸೇರಿದ ಹೆಚ್ಚಿನ ಉಪ್ಪನ್ನು ಕಡಲಾಮೆ ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಹಾಕುತ್ತದೆ. ನೀರಿನಲ್ಲಿದ್ದಾಗಲೂ ಇದು ನಡೆಯುತ್ತದೆ, ನಮಗೆ ಕಾಣುವುದು ದಡಕ್ಕೆ ಬಂದಾಗ. ನನ್ನ ಮೇಜಿಗೆ ಬರುವ ಆಮೆ ಬರಹಗಳಲ್ಲೆಲ್ಲ ಈ ಕಣ್ಣೀರು ಇದ್ದೇ ಇರುತ್ತದೆ. ಬಿಟ್ಟುಬಿಡಿ. ಅದರ ಬದಲು, ಆ ಉಪ್ಪುನೀರಿಗೆ ಮರಳು ಮೆತ್ತಿಕೊಳ್ಳುವುದನ್ನು ಬರೆಯಿರಿ. ಸಾಕು.

ಮುಂದಿನ ತಪ್ಪು ದೊಡ್ಡದು. ನಿಮ್ಮ ನಾಯಕ ಮೂರನೇ ದಿನ ಗೂಡು ಅಗೆದು, ನೂರು ಮೊಟ್ಟೆಗಳನ್ನು ಚೀಲಕ್ಕೆ ಸುರಿದು, ಹೆಗಲ ಮೇಲೆ ಹಾಕಿಕೊಂಡು ಓಡುತ್ತಾನೆ. ಎರಡು ತಿಂಗಳಿಗೆ ನೂರೂ ಮರಿ ಹೊರಬರುತ್ತವೆ. ಬರುವುದಿಲ್ಲ ಮಾರಾಯ್ರೆ! ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಾಡಿದರೆ ಅದು ಸಾಯುತ್ತದೆ. ಬಲ್ಲವರು ಸಾಗಿಸುವುದಿದ್ದರೆ ಆ ರಾತ್ರಿಯೇ, ಅಲುಗಾಡಿಸದೆ ಸಾಗಿಸುತ್ತಾರೆ. ಅಂದರೆ ನಿಮ್ಮ ನಾಯಕ, ಪಾಪ, ಒಳ್ಳೆಯದು ಮಾಡಲು ಹೋಗಿ ಎಲ್ಲವನ್ನೂ ಕೊಂದ. ನಿಜ ಹೇಳಲಾ? ಅದೇ ನಿಮ್ಮ ಕಥೆ ಆಗಬಹುದಿತ್ತು. 60ನೇ ದಿನ, 70ನೇ ದಿನ, ಮರಿಗಳು ಮೇಲೇಳುವಾಗ ಕುಸಿಯಬೇಕಾದ ಮರಳು ಕುಸಿಯದೇ ಉಳಿದ ಗೂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿರುವ ಮನುಷ್ಯ. ಅವನ ಬಗ್ಗೆ ಓದಬೇಕು ಅನ್ನಿಸುತ್ತದೆ.

ಮರಿಗಳನ್ನು ಮಟಮಟ ಮಧ್ಯಾಹ್ನ ಬಿಡಿಸಿದ್ದೀರಿ, ಮಕ್ಕಳು ಚಪ್ಪಾಳೆ ತಟ್ಟಲಿ ಅಂತ. ಅವು ಸಾಮಾನ್ಯವಾಗಿ ಹೊರಬರುವುದು ಮರಳು ತಣ್ಣಗಾದ ಮೇಲೆ, ರಾತ್ರಿ. ತಿದ್ದಿಕೊಳ್ಳಿ.

ಇನ್ನು ಊರವರ ವಿಷಯ. ಹೊರಗಿನಿಂದ ಬಂದ ವಿಜ್ಞಾನಿಯ ಒಂದೇ ಭಾಷಣಕ್ಕೆ ಊರಿಗೆ ಊರೇ ಮೊಟ್ಟೆ ತಿನ್ನುವುದನ್ನು ಬಿಡುತ್ತದೆ. ಅಷ್ಟು ಸುಲಭಾನಾ? ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ದೇಶದಲ್ಲಿರುವ ಆರ್ನವಾನ್ ಎಂಬ ಪುಟ್ಟ ದ್ವೀಪಗಳನ್ನು ನೋಡಿ. ಅಲ್ಲಿ ಚಿಪ್ಪಿನ ಆಸೆಗೆ ಹಾಕ್ಸ್‌ಬಿಲ್ ಆಮೆಗಳನ್ನು ಜಾಸ್ತಿ ಬೇಟೆಯಾಡುತ್ತಿದ್ದರು. ಸರ್ಕಾರ ಮೊದಲು ಮಾಡಿದ ಅಭಯಾರಣ್ಯ ಸ್ಥಳೀಯರ ವಿರೋಧಕ್ಕೆ ನೆಲಕಚ್ಚಿತು. ಕಿಯಾ, ವಾಗಿನಾ, ಕಟುಪಿಕಾ ಎಂಬ ಮೂರು ಸಮುದಾಯಗಳು ಕೂತು ಮಾತಾಡಿ ಒಪ್ಪಿದ ಮೇಲೆಯೇ, 1995ರಲ್ಲಿ, ಅದು ನೆಲೆಯೂರಿದ್ದು. ಕಾವಲಿಗೆ ಆ ಊರುಗಳವರೇ ನಿಂತರು. ಗೂಡುಗಳು ಎರಡು ಪಟ್ಟಾದವು, 2017ರಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು. ಕಳ್ಳಬೇಟೆ ಮಾತ್ರ ಪೂರ್ತಿ ನಿಲ್ಲಲಿಲ್ಲ.

ಅಲ್ಲಿನಂಥ ಕಾವಲುಗಾರ ಒಂದು ರಾತ್ರಿ ತಡೆಯಬೇಕಾದ ದೋಣಿ ಅವನ ಸೋದರಮಾವನದ್ದೇ ಆಗಿರಬಹುದು, ಅಲ್ವಾ? ನಿಮ್ಮ ಕಥೆಯಲ್ಲಿ ಕಳ್ಳರು ಬೇರೆ ದೇಶದವರು. ಅದರಿಂದ ನಿಮಗೆ ಅನುಕೂಲವಾಯಿತು, ಕಥೆಗೆ ನಷ್ಟವಾಯಿತು. ಇನ್ನೊಂದು ಮಾತು: ಇಂದು ಉಳಿಸಿದ ಮರಿ ಬೆಳೆದು ಮೊಟ್ಟೆ ಇಡಲು 20 ವರ್ಷವೋ, ಅದಕ್ಕೂ ಜಾಸ್ತಿಯೋ ಬೇಕು. ಅಲ್ಲಿವರೆಗೆ ಮೊಟ್ಟೆ ತಿನ್ನುವುದನ್ನು ಬಿಟ್ಟ ಮನೆಯವರು ಏನು ನಂಬಿಕೊಂಡು ಇರುತ್ತಾರೆ? ನಿಮ್ಮ ಊರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ.

ಒಬ್ಬಳನ್ನು ಬಿಟ್ಟು. ನಾಲ್ಕನೇ ಪುಟದಲ್ಲಿ ನಾಯಕನ ಹೆಂಡತಿ ದೋಣಿಯ ಪೆಟ್ರೋಲ್ ಕ್ಯಾನನ್ನು ಒಮ್ಮೆ ಅಲುಗಾಡಿಸಿ, ಏನೂ ಹೇಳದೆ ಕೆಳಗಿಡುತ್ತಾಳೆ. ನಾನು ತಡೆದು ಮತ್ತೆ ಓದಿದ ಸಾಲು ಅದೊಂದೇ. ಕಥೆಯನ್ನು ಅಲ್ಲಿಂದ ಶುರು ಮಾಡಿ ನೋಡಿ. ಮೊದಲ ಮೂರು ಪುಟ ಹೋದರೆ ಹೋಗಲಿ.

ತಿದ್ದಿ ಕಳಿಸಿ, ಅವಸರವಿಲ್ಲ. ಈ ಸಲ ಅವಳಿಗೊಂದು ಹೆಸರು ಇಡಿ. ಆಮೆಗೂ ಇಟ್ಟಿದ್ದೀರಿ, ಅವಳಿಗೆ ಇಟ್ಟಿಲ್ಲ.

ನಿಮ್ಮ,
ಸಂಪಾದಕ